ಗಂಡೆಂದು ಬರೆದ ನಳಿಗೆ

ಇಲಿನಾಯ್‌ನ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ಫಿಂಚ್ ಹಕ್ಕಿಗಳನ್ನು ಇಪ್ಪತ್ತೆರಡು ವರ್ಷ ಸಾಕಿದವಳು ಮಾರ್ಲಿಸ್. ಕೊಲ್ಲುವವಳೂ ಅವಳೇ. ಒಂಟಿ ಗೂಡಿನಲ್ಲಿಟ್ಟ ಹಕ್ಕಿಗೆ ಅರ್ಧ ಗಂಟೆ ಅಪರಿಚಿತ ಹಾಡು ಕೇಳಿಸಬೇಕು, ಆಮೇಲೆ ತಲೆ ಕತ್ತರಿಸಿ ಮಿದುಳನ್ನು ನಲವತ್ತು ಸೆಕೆಂಡಿನೊಳಗೆ ಹೆಪ್ಪುಗಟ್ಟಿಸಬೇಕು. ಹಾಡಿಗೆ ಯಾವ ಜೀನುಗಳು ಎಚ್ಚೆತ್ತವೆಂದು ಸಾವಿರಾರು ಚುಕ್ಕೆಗಳ ಗಾಜಿನ ಪಟ್ಟಿ ತೋರಿಸುತ್ತಿತ್ತು. ಮಾರ್ಲಿಸ್‌ಗೆ ಹನ್ನೆರಡು ಸೆಕೆಂಡು ಸಾಕಾಗುತ್ತಿತ್ತು. ಹಕ್ಕಿಗೆ ಗೊತ್ತೇ ಆಗುತ್ತಿರಲಿಲ್ಲ.

ಆ ವಸಂತದಲ್ಲಿ ಗಂಡು ಎಂದು ಬರೆದಿದ್ದ ಮಿದುಳಿನ ನಳಿಗೆಗಳಲ್ಲಿ ಹೆಣ್ಣು ಹಕ್ಕಿಗಷ್ಟೇ ಇರುವ ಜೀನು ಕಾಣಿಸಿತು. ನಳಿಗೆಗಳು ಅದಲುಬದಲಾಗಿದ್ದವು. ಅವಕ್ಕೆ ಅಂಟಿಸಿದ್ದ ಚೀಟಿಗಳ ಮೇಲಿದ್ದದ್ದು ಸಂಶೋಧಕ ಡೆಸ್ಮಂಡ್‌ನ ಕೈಬರಹ. ಆದರೂ ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ವಿಟ್‌ಕಾಂಬ್ ವಾರದ ಸಭೆಯಲ್ಲಿ ಎಲ್ಲರೆದುರಿಗೆ, ಮಾರ್ಲಿಸ್‌ಗೆ ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದರು. ಯಾರೋ ನಕ್ಕರು. ಡೆಸ್ಮಂಡ್ ತಲೆ ಎತ್ತದೆ ಬೇಗಲ್ ಬ್ರೆಡ್ಡಿಗೆ ಚೀಸ್ ಸವರುತ್ತ ಕೂತ.

ಸಭೆ ಮುಗಿದ ಮೇಲೆ ಅವಳು ಚೀಟಿಗಳನ್ನು ಪ್ರೊಫೆಸರರ ಮೇಜಿನ ಮೇಲಿಟ್ಟಳು. ಅವರು ಅವನ್ನು ನೋಡಲೂ ಇಲ್ಲ.

"ನನಗೆ ಗೊತ್ತು ಮಾರ್ಲಿಸ್. ಅವನು ಮುಂದಿನ ತಿಂಗಳು ಕೆಲಸದ ಸಂದರ್ಶನಕ್ಕೆ ಹೋಗ್ಬೇಕು. ನೀವು ಎಲ್ಲಿಗೂ ಹೋಗೋದಿಲ್ವಲ್ಲ."

ಅವಳು ವಾದಿಸಲಿಲ್ಲ. ಪ್ರಯೋಗವನ್ನು ಹೇಗೂ ಮತ್ತೆ ಮಾಡಬೇಕು, ಮತ್ತೆ ತಪ್ಪಾಗಬಾರದೆಂದರೆ ಈ ಸಲ ಕತ್ತರಿಸುವುದರಿಂದ ಚೀಟಿ ಬರೆಯುವ ತನಕ ಎಲ್ಲವನ್ನೂ ಡೆಸ್ಮಂಡನೇ ಮಾಡಲಿ ಎಂದಳು. ಸರಿಯಾದ ಮಾತು ಎಂದರು ಪ್ರೊಫೆಸರ್.

ಡೆಸ್ಮಂಡ್ ಅದುವರೆಗೆ ಒಂದು ಹಕ್ಕಿಯನ್ನೂ ಕೊಂದವನಲ್ಲ. ಬೇಕಾದದ್ದು ಆರು ಗಂಡುಗಳ ಮಿದುಳು. ಮೊದಲನೆಯದರ ಕತ್ತಿನಲ್ಲಿ ಕತ್ತರಿ ಅರ್ಧಕ್ಕೇ ನಿಂತಿತು. ಹಕ್ಕಿ ಅವನ ಮುಷ್ಟಿಯಲ್ಲಿ ಒದ್ದಾಡಿತು. ಮಾರ್ಲಿಸ್ ಗಡಿಯಾರ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಐವತ್ತೆರಡು ಸೆಕೆಂಡ್. ಹಾಳಾಯ್ತು. ಇನ್ನೊಂದು ತಗೋ."

ಅವನು ತೊಟ್ಟಿಗೆ ಬಾಗಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಳ್ಳಲು ಕಾಗದ ಕೊಟ್ಟವಳು, ಬೆನ್ನಿಗೇ ಕತ್ತರಿಯನ್ನೂ ಕೊಟ್ಟಳು. ಮೂರು ದಿನದಲ್ಲಿ ಎಂಟು ಹಕ್ಕಿಗಳು ಹೋದವು. ಕೆಲಸಕ್ಕೆ ಬಂದದ್ದು ಐದೇ ಮಿದುಳು.

ಉಳಿದ ಒಂದೇ ವಯಸ್ಕ ಗಂಡು, ತಾಯಿ ಬಿಟ್ಟುಹೋದ ಮರಿಯಾಗಿದ್ದಾಗ ಮಾರ್ಲಿಸ್ ಗುಟುಕು ಕೊಟ್ಟು ಬೆಳೆಸಿದ್ದು. ಅದು ಎಲ್ಲರಿಗೂ ಗೊತ್ತಿತ್ತು.

"ಇದೊಂದನ್ನ ನೀವೇ ಮಾಡಿ, ಕೈ ಮುಗೀತೀನಿ," ಎಂದ ಡೆಸ್ಮಂಡ್. "ನಿಮ್ಮ ಕೈಯಿಂದಾದ್ರೆ ಅದಕ್ಕೆ ನೋವಾಗಲ್ಲ."

"ಚೀಟಿ ಬರೆದಿದ್ದು ನೀನು ಅಂತ ಮೊದಲು ಎಲ್ಲರ ಮುಂದೆ ಹೇಳಿ ಬಾ. ಕಾಯ್ತೀನಿ."

ಅವನು ಬಾಗಿಲ ಕಡೆ ನೋಡಿದ. ಹೋಗಲಿಲ್ಲ.

ಮಾರ್ಲಿಸ್ ಗೂಡಿಗೆ ಕೈ ಹಾಕಿದಳು. ಹಕ್ಕಿ ಹೆದರದೆ ಬೆರಳ ಮೇಲೆ ಬಂದು ಕೂತಿತು. ಅದನ್ನು ಅವನ ಕೈಗೆ ದಾಟಿಸಿ ಗಡಿಯಾರ ಒತ್ತಿದಳು. ಆಗಲೂ ಕತ್ತರಿ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ.

"ಅರವತ್ತೊಂದು," ಎಂದಳು ಕೊನೆಗೆ. "ಹಾಳಾಯ್ತು."

ಐದೇ ಮಿದುಳಿನಲ್ಲಿ ಲೇಖನ ಸಾಗಿತು. ಡೆಸ್ಮಂಡ್‌ಗೆ ಓಹಾಯೋದಲ್ಲಿ ಕೆಲಸ ಸಿಕ್ಕಿತು. ಬೀಳ್ಕೊಡುಗೆಯ ದಿನ ಅವನು ಎಲ್ಲರ ಕೈ ಕುಲುಕಿದ, ಮಾರ್ಲಿಸಳ ಕೈ ಮಾತ್ರ ಮುಟ್ಟಲಿಲ್ಲ. ಅವಳೂ ಚಾಚಿರಲಿಲ್ಲ. ಅವನ ಪಾಲಿನ ಕೇಕ್ ತುಂಡನ್ನು ತಾನೇ ತಿಂದು ಮುಗಿಸಿ, ಮರಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸಲು ಒಳಗೆ ಹೋದಳು.