ಒಂದೇ ಅಕ್ಷರದ ಮೇಳ

ನನ್ನ ಮಾವನವರ ಪಾಲಿಗೆ ಲೋಕದಲ್ಲಿ ಇರುವುದು ಒಂದೇ ಅಕ್ಷರ, ಕ. ಕೊಳಲು, ಕಂಜೀರ, ಕ್ಲಾರಿನೆಟ್ ಇರಲಿ, ಯಾವ್ಯಾವುದೋ ದೇಶದಿಂದ ತರಿಸಿದ ಕೋರಾ, ಕೊಟೊ, ಕಾಂಟೆಲೆ, ಕಲಿಂಬಾ ಇರಲಿ, ಕ ಅಕ್ಷರದಿಂದ ಶುರುವಾದರೆ ಮಾತ್ರ ಅದು ವಾದ್ಯ. ಮಿಕ್ಕಿದ್ದೆಲ್ಲ ಬರೀ ಸದ್ದು. ಹಿಂದೆ ಅವರದು ಹತ್ತರಲ್ಲಿ ಹನ್ನೊಂದನೆಯ ಮೇಳವಾಗಿತ್ತಂತೆ. ಒಂದು ಸಂಜೆ ಅಕಸ್ಮಾತ್ತಾಗಿ ವೇದಿಕೆಯ ಮೇಲಿದ್ದ ವಾದ್ಯಗಳೆಲ್ಲ ಕ ಅಕ್ಷರದವೇ ಆಗಿದ್ದವು. ಪತ್ರಿಕೆಯವರೊಬ್ಬರು ಸಂಗೀತದ ಬಗ್ಗೆ ಒಂದು ಮಾತೂ ಬರೆಯದೆ ಅದನ್ನೇ ಬರೆದರು. ಮುಂದಿನ ಸಲ ಸಭಾಂಗಣ ತುಂಬಿತು. ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಮನೆಯಲ್ಲಿ ಎಲ್ಲರಿಗೂ ಒಂದೊಂದು ಹಂಚಿಕೆಯಾಗಿದೆ. ಅತ್ತೆ ಕಾಂಟೆಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಮೀಟುತ್ತಾರೆ. ನಾದಿನಿ ಸೋರೆಬುರುಡೆಯ ಹೊಟ್ಟೆಯ ಕೋರಾವನ್ನು ಎದೆಗೆ ಆನಿಸಿಕೊಂಡು ಕೂರುತ್ತಾಳೆ. ನನ್ನ ಗಂಡ ಕ್ಲಾರಿನೆಟ್. ನಾನು ಮದುವೆಯಾಗಿ ಬರುವಾಗ ಅಮ್ಮನ ಚೆಲ್ಲೋ ತಂದಿದ್ದೆ, ಮಂಡಿಗಳ ನಡುವೆ ನಿಲ್ಲಿಸಿಕೊಂಡು ಬಿಲ್ಲಿನಿಂದ ನುಡಿಸುವ ದೊಡ್ಡ ಪಿಟೀಲಿನಂಥದ್ದು. ಅಮ್ಮ ನಾಟಕದ ಮಂದಿರದಲ್ಲಿ ವೇದಿಕೆಯ ಕೆಳಗೆ ಕೂತು ಜೀವನವಿಡೀ ನುಡಿಸಿದ ಚೆಲ್ಲೋ ಅದು. ಅವಳ ಮಂಡಿ ಉಜ್ಜಿ ಉಜ್ಜಿ ಪಕ್ಕದ ಬಣ್ಣ ಹೋಗಿ ಮರ ಕಾಣುತ್ತಿತ್ತು, ಆಮೇಲೆ ನನ್ನ ಮಂಡಿಯೂ ಅಲ್ಲೇ ಉಜ್ಜಿತು. ಮಾವ ಅದನ್ನು ನೋಡಿ ಪಾಪ ಎನ್ನುವ ಹಾಗೆ ನಕ್ಕರು. ನಿನಗೂ ಏನಾದರೂ ಹುಡುಕೋಣಮ್ಮ ಎಂದರು. ಹುಡುಕಿ ಕೊಟ್ಟದ್ದು ಕ್ಯಾಸ್ಟನೆಟ್, ಅಂಗೈಯಲ್ಲಿ ಹಿಡಿದು ಟಕಟಕ ಎನ್ನಿಸುವ ಎರಡು ಮರದ ಚಿಪ್ಪು. ಹತ್ತು ವರ್ಷದಿಂದ ವೇದಿಕೆಯ ಮೂಲೆಯಲ್ಲಿ ನಿಂತು ಟಕಟಕ ಎನ್ನಿಸುತ್ತಿದ್ದೇನೆ. ಯಾಕೆ ಸುಮ್ಮನಿದ್ದೆ ಎಂದು ಕೇಳಬೇಡಿ. ಹೊಸ ಸೊಸೆ, ಒಂದು ವರ್ಷ ನೋಡೋಣ ಅಂದುಕೊಂಡೆ. ಆಮೇಲೆ ಅದೇ ಅಭ್ಯಾಸವಾಯಿತು.

ಇನ್ನೊಂದು ಕಟ್ಟಳೆಯಿತ್ತು. ಬೇರೆ ಅಕ್ಷರದ ವಾದ್ಯ ಮನೆಯಲ್ಲಿ ಸದ್ದು ಮಾಡಬಾರದು, ಮೇಳದವರ ಕಿವಿ ಕೆಡುತ್ತದೆ! ಹಾಗಾಗಿ ವಾರಕ್ಕೊಮ್ಮೆ, ಮಾವ ಅತ್ತೆ ನಾದಿನಿ ಮೂವರೂ ಸಭಾಂಗಣ ಗೊತ್ತುಮಾಡುವ ಮಾತುಕತೆಗೆಂದು ಹೊರಗೆ ಹೋದ ಮಧ್ಯಾಹ್ನ, ಹಿಂದಿನ ಸಾಮಾನು ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ನುಡಿಸುತ್ತಿದ್ದೆ. ಇದು ಗೊತ್ತಿದ್ದದ್ದು ಒಬ್ಬರಿಗೇ, ನನ್ನ ಗಂಡನಿಗೆ. ಹೊಸ್ತಿಲ ಮೇಲೆ ಕೂತು, ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಜೊಂಡಿನ ತೆಳು ಪಟ್ಟಿಯನ್ನು ಹೆರೆಯುತ್ತಾ ಕೇಳುತ್ತಿದ್ದರು. ಒಮ್ಮೆ ಕಣ್ಣೊರೆಸಿಕೊಂಡು, ಇನ್ನೊಂದು ಸಲ ನುಡಿಸು ಎಂದಿದ್ದರು. ಆ ಒಂದು ಮಧ್ಯಾಹ್ನವನ್ನು ನೆನೆಸಿಕೊಂಡು ಉಳಿದ ದಿನಗಳನ್ನು ತಳ್ಳುತ್ತಿದ್ದೆ.

ಮೇಳದ ಬೆಳ್ಳಿಹಬ್ಬದ ಕಾರ್ಯಕ್ರಮ ಇವತ್ತು ಸಂಜೆ. ಬೆಳಿಗ್ಗೆ ನಡುಮನೆಗೆ ಬಂದರೆ ನನಗಿಂತ ಎತ್ತರದ ವಾದ್ಯವೊಂದು ಗೋಡೆಗೆ ಒರಗಿ ನಿಂತಿತ್ತು, ಕುತ್ತಿಗೆಗೆ ಕೆಂಪು ರಿಬ್ಬನ್. ಕಾಂಟ್ರಾಬಾಸ್, ಚೆಲ್ಲೋದ ದೈತ್ಯ ಅಣ್ಣ, ನಿಂತೇ ನುಡಿಸಬೇಕಾದದ್ದು. ಮಾವ ಮದುಮಗನಂತೆ ನಿಂತು, ಹತ್ತು ವರ್ಷದಿಂದ ನಿನಗೆ ಅನ್ಯಾಯ ಆಗಿದೆಯಮ್ಮ, ಇಗೋ, ಇದನ್ನೂ ಬಿಲ್ಲಿನಿಂದಲೇ ನುಡಿಸೋದು, ಅಕ್ಷರವೂ ನಮ್ಮದೇ, ಎಲ್ಲರ ಎದುರಿಗೆ ನಿನಗೆ ನನ್ನ ಉಡುಗೊರೆ ಎಂದರು. ಅತ್ತೆ, ನಾದಿನಿ ಚಪ್ಪಾಳೆ ತಟ್ಟಿದರು. ನನ್ನ ಗಂಡ ರಿಬ್ಬನ್ನಿನ ಗಂಟು ಸರಿಮಾಡುತ್ತಿದ್ದರು. ಚೆಲ್ಲೋ ನುಡಿಸುವವಳಿಗೆ ಕಾಂಟ್ರಾಬಾಸ್ ಕೊಡುವುದೆಂದರೆ, ಸೈಕಲ್ ಬಿಡುವವಳಿಗೆ ಲಾರಿಯ ಕೀಲಿ ಕೊಟ್ಟು ಎರಡಕ್ಕೂ ಚಕ್ರ ಇದೆಯಲ್ಲ ಎಂದ ಹಾಗೆ. ಆದರೂ ಹಾಳಾಗಲಿ, ಪ್ರೀತಿಯಿಂದ ತಂದಿದ್ದಾರೆ ಎಂದು ನಗಲು ಹೊರಟೆ. ಅಷ್ಟರಲ್ಲಿ ಮಾವ ಹೇಳಿಬಿಟ್ಟರು, ಬೇರೆ ಅಕ್ಷರದ್ದು ಮೂಲೆಯಲ್ಲಿ ಸುಮ್ಮನೆ ಧೂಳು ತಿನ್ನುತ್ತಿತ್ತಲ್ಲ, ಅಂಗಡಿಯವನಿಗೆ ಅದನ್ನು ಕೊಟ್ಟು ಇದನ್ನು ತಂದೆ.

ಸಾಮಾನು ಕೋಣೆಗೆ ಓಡಿದೆ. ಚೆಲ್ಲೋ ಇದ್ದ ಜಾಗದಲ್ಲಿ ನೆಲ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ವಾಪಸ್ ಬಂದವಳು ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿ ಹೊರಬಿದ್ದೆ. ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಪಾಪ ಎಂದು ಅತ್ತೆ ಹೇಳಿದ್ದು ಮೆಟ್ಟಿಲಿಳಿಯುವಾಗ ಕೇಳಿಸಿತು.

ಮಾವ ವಾದ್ಯ ಕೊಳ್ಳುವುದು ಯಾವಾಗಲೂ ಒಂದೇ ಅಂಗಡಿಯಲ್ಲಿ. ಪುಣ್ಯಕ್ಕೆ ಚೆಲ್ಲೋ ಇನ್ನೂ ಅಲ್ಲೇ ಇತ್ತು, ಕೌಂಟರಿನ ಹಿಂದೆ, ಹರಿದ ಡ್ರಮ್ಮುಗಳ ನಡುವೆ. ಕೊಡಿ ಎಂದೆ. ಅಂಗಡಿಯವನು ಕೆಟ್ಟವನಲ್ಲ, ಆದರೆ ವ್ಯಾಪಾರಿ. ನಿಮ್ಮ ಮಾವನವರು ಬಂದು ದೊಡ್ಡ ವಾದ್ಯ ಹಿಂದಿರುಗಿಸಿದರೆ ಈ ಕ್ಷಣ ಕೊಡುತ್ತೇನೆ, ಆದರೆ ಬೇಗ ಆಗಬೇಕು, ಮಧ್ಯಾಹ್ನ ಒಂದು ಹೋಟೆಲಿನವರು ಬಂದು ಒಯ್ಯುತ್ತಾರೆ ಎಂದ. ಹೋಟೆಲಿನವರಿಗೆ ಚೆಲ್ಲೋ ಯಾಕೆ ಎಂದು ಕೇಳಿದೆ. ಗೋಡೆಗೆ ತೂಗುಹಾಕಲಿಕ್ಕೆ, ಒಳಗೆ ದೀಪ ಇಡುತ್ತಾರಂತೆ, ಅದಕ್ಕೆ ಮುಂಭಾಗಕ್ಕೆ ಸ್ವಲ್ಪ ತೂತು ಕೊರೆಯಬೇಕಾಗುತ್ತದೆ ಎಂದ. ನನ್ನ ಪಿತ್ತ ನೆತ್ತಿಗೇರಿತು. ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿ, ಅಪ್ಪನನ್ನು ಕರೆದುಕೊಂಡು ಬನ್ನಿ, ಆ ದೊಡ್ಡದನ್ನೂ ತನ್ನಿ ಎಂದೆ.

ಅಪ್ಪ ಮಗ ಬಂದರು, ಬರಿಗೈಲಿ. ಮಾವನವರ ಮುಖದಲ್ಲಿ ನಿಜವಾಗಿಯೂ ನೋವಿತ್ತು, ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು. ಇವತ್ತು ನಾಲ್ಕೇ ನಾಲ್ಕು ಸ್ವರ ಎಳೆದರೆ ಸಾಕಮ್ಮ, ಪೋಸ್ಟರಿನಲ್ಲಿ ಕಾಂಟ್ರಾಬಾಸ್ ಅಂತ ಹಾಕಿಸಿಬಿಟ್ಟಿದ್ದೇನೆ ಎಂದು ಗೋಗರೆದರು. ಇಷ್ಟು ವರ್ಷದಲ್ಲಿ ನೀನು ಈ ಚೆಲ್ಲೋವನ್ನು ಒಂದು ದಿನವಾದರೂ ಮುಟ್ಟಿದ್ದನ್ನು ನಾನು ಕಾಣೆ ಎಂದರು. ಸ್ಟೂಲು ಎಳೆದುಕೊಂಡು ಕೂತು, ಚೆಲ್ಲೋವನ್ನು ಮಂಡಿಗಳ ನಡುವೆ ಹಿಡಿದು, ಶ್ರುತಿ ಮಾಡಿ, ಅಮ್ಮ ಕಲಿಸಿದ್ದನ್ನು ನುಡಿಸಿದೆ. ಸಿಟ್ಟಿಗೆ ಬಿಲ್ಲು ಮೊದಲು ಕಿರ್ರೆಂದಿತು, ಆಮೇಲೆ ದಾರಿಗೆ ಬಂತು. ಗಿಟಾರು ನೋಡಲು ಬಂದಿದ್ದವರು ನನ್ನ ಸುತ್ತ ಬಂದು ನಿಂತರು. ಮಾವ ಕಣ್ಣು ಮುಚ್ಚಿ, ಮೊದಲಿನಿಂದ ಕೊನೆಯವರೆಗೆ ಕೇಳಿದರು. ಎಷ್ಟಾದರೂ ಸಂಗೀತದ ಕಿವಿ, ಮುಗಿದಾಗ ಹತ್ತಿರ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

"ಎಂಥಾ ಕೈ ಮಗಳೇ ನಿಂದು," ಎಂದರು. "ಅಕ್ಷರ ಒಂದು ಸರಿಯಾಗಿದ್ದಿದ್ರೆ."

ಈ ಮನುಷ್ಯನ ಹತ್ತಿರ ಜಗಳವಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ ಎಂದು ಅರ್ಥವಾಯಿತು. ವಿಚಿತ್ರವೆಂದರೆ ಅವರ ಮೇಲಿನ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು. ಅವರು ಇವತ್ತೇ ಮೊದಲ ಸಲ ಕೇಳಿದ್ದು. ಗೊತ್ತಿಲ್ಲದೆ ಮಾಡಿದವರು.

ಆಗ ಅಂಗಡಿಯವನು, ನನ್ನನ್ನು ಸಮಾಧಾನ ಮಾಡಲೆಂದೇ ಇರಬೇಕು, ವಾದ್ಯಕ್ಕೆ ಒಂದು ಗೀರೂ ಬಿದ್ದಿಲ್ಲ ನೋಡಿಯಮ್ಮ ಎಂದ. ನಿಮ್ಮ ಯಜಮಾನರೇ ಬಿಲ್ಲು ಸಡಿಲ ಮಾಡಿ, ಕೆಳಗೆ ನೆಲಕ್ಕೂರುವ ಕಂಬಿಯನ್ನು ಒಳಗೆ ತಳ್ಳಿ, ಎರಡು ಕಂಬಳಿ ಸುತ್ತಿ, ಮಗುವನ್ನು ಎತ್ತಿಕೊಂಡು ಬಂದ ಹಾಗೆ ತಂದರು, ದೊಡ್ಡವರು ವ್ಯಾನಿನಿಂದ ಇಳಿಯಲೂ ಇಲ್ಲ ಎಂದ.

ನಾನು ಗಂಡನ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು. ಹೊಸ್ತಿಲ ಮೇಲೆ ಕೂತು ಕೇಳಿದ ಮನುಷ್ಯ. ಮಾವನವರಿಗೆ ಅದು ಧೂಳು ತಿನ್ನುವ ಸಾಮಾನು, ಇವರಿಗೆ ಅದು ಏನೆಂದು ಗೊತ್ತಿತ್ತು. ನಾನೇ ತೋರಿಸಿಕೊಟ್ಟ ಹಾಗೆ ಬಿಲ್ಲು ಸಡಿಲಿಸಿ, ನನ್ನದೇ ಕಂಬಳಿ ಸುತ್ತಿ ಹೊತ್ತು ತಂದಿದ್ದರು. ಅಷ್ಟು ಸಿಟ್ಟು ಈ ಜನ್ಮದಲ್ಲಿ ಬಂದಿರಲಿಲ್ಲ.

"ನಾಳೆ ಹೇಗಾದ್ರೂ ವಾಪಸ್ ತರೋಣ," ಎಂದರು ಮೆಲ್ಲಗೆ. "ಇವತ್ತೊಂದಿನ ಅಪ್ಪನ ಮಾತು ಕೇಳು. ಅವರಿಗೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

"ನನಗೆ ಇಲ್ಲ ಅನ್ನೋಕೆ ಬಂತಲ್ಲ," ಎಂದೆ.

ನಾನು ಮಾವನವರನ್ನು ಕೇಳಿದೆ, ಬೆಳಿಗ್ಗೆ ಎಲ್ಲರೆದುರಿಗೆ ಆ ಕಾಂಟ್ರಾಬಾಸನ್ನು ಉಡುಗೊರೆ ಅಂತ ಕೊಟ್ಟದ್ದು ಯಾರಿಗೆ? ನಿನಗೇ ತಾಯಿ ಎಂದರು. ಹಾಗಾದರೆ ಅದು ನನ್ನದು, ನಾನು ಹಿಂದಿರುಗಿಸುತ್ತಿದ್ದೇನೆ ಎಂದು ಅಂಗಡಿಯವನಿಗೆ ಹೇಳಿದೆ, ವ್ಯಾನ್ ಕಳಿಸಿ ಮನೆಯಿಂದ ತರಿಸಿಕೊಳ್ಳಿ. ಅವನು ಮಾವನವರ ಮುಖ ನೋಡಿದ. ಮಾವ ಏನೋ ಹೇಳಲು ಬಾಯಿ ತೆರೆದರು, ಕೊಟ್ಟ ಮಾತು ಅಡ್ಡ ಬಂತು, ಹೂಂ ಎಂದು ತಲೆಯಾಡಿಸಿದರು. ಅಷ್ಟರ ಮಟ್ಟಿಗೆ ಅವರು ಮನುಷ್ಯರು. ಚಿಲ್ಲರೆ ವಾದ್ಯಗಳ ಪೆಟ್ಟಿಗೆ ತೆರೆಸಿ, ಸಂಜೆಗೆ ಕ ಅಕ್ಷರದ್ದು ಇನ್ನೇನಾದರೂ ಸಿಗುತ್ತದೆಯೇ ಎಂದು ಆಗಲೇ ಹುಡುಕತೊಡಗಿದರು.

ನಾನು ಚೆಲ್ಲೋ ಹೊತ್ತು ಬೀದಿಗೆ ಬಂದೆ. ಅಮ್ಮನ ಮನೆಯ ಕಡೆಯ ಬಸ್ಸು ಎದುರಿನ ನಿಲ್ದಾಣಕ್ಕೆ ಬರುತ್ತದೆ. ನನ್ನ ಗಂಡ ಹಿಂದೆಯೇ ಓಡಿ ಬಂದರು. ಸಂಜೆ ಜನ ಕೇಳಿದರೆ ಏನು ಹೇಳಲಿ ಎಂದರು. ನನ್ನ ಚೆಲ್ಲೋ ಬಗ್ಗೆ ನಿಮಗೆ ಗೊತ್ತಿರುವುದನ್ನು ಹೇಳಿ, ಹತ್ತು ವರ್ಷದಿಂದ ಯಾರಿಗೂ ಹೇಳಲಿಲ್ಲವಲ್ಲ ಎಂದೆ. ಬಸ್ಸು ಬಂತು. ಮೆಟ್ಟಿಲು ಎತ್ತರವಿತ್ತು, ಚೆಲ್ಲೋ ಬಾಗಿಲಿಗೆ ತಗಲುವಂತಿತ್ತು. ಭಾರ ಇದೆ, ಕೊಡು, ಹತ್ತಿಸಿ ಕೊಡ್ತೀನಿ ಎಂದು ಅವರು ಎರಡೂ ಕೈ ಚಾಚಿದರು. ನಾನು ನಿರ್ವಾಹಕನನ್ನು ಕರೆದೆ. ಗುರುತು ಪರಿಚಯವಿಲ್ಲದ ಆ ಮನುಷ್ಯನ ಕೈಗೆ ಚೆಲ್ಲೋ ಕೊಟ್ಟು, ಜೋಪಾನ ಅಣ್ಣಾ ಎಂದು ಹೇಳಿ, ಅವನ ಹಿಂದೆ ಹತ್ತಿದೆ.