ಅಳಿಸಿದ ಎರಡನೇ ನಿಯಮ

ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ ಖಾಲಿ ಬಿದ್ದಿತ್ತು. ಆದರೂ ಆ ಕೋಣೆಗೆ ವಾರ್ಡಿನ ಕಡೆಯಿಂದ ಇದ್ದ ಬಾಗಿಲ ಮೇಲೆ ಬೆಳಗ್ಗೆ ಎಂಟರಿಂದ ಕೆಂಪು ದೀಪ ಆರಿರಲಿಲ್ಲ. ಅದರ ಕೆಳಗೆ ಸ್ಟ್ರೆಚರಿನ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದವಳು ಪುಟ್ಟಿಯ ಒಡಹುಟ್ಟಿದ ಅಕ್ಕ. ಸ್ಕ್ಯಾನ್ ಆಗದೆ ಆಪರೇಷನ್ ಇಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಈಗ ಗಂಟೆ ಹನ್ನೆರಡೂವರೆ.

ಆ ದೀಪವನ್ನು ನಡೆಸುತ್ತಿದ್ದದ್ದು ಪುಟ್ಟಿಯ ಕಂಪನಿಯ ಪ್ರೋಗ್ರಾಂ. ತುರ್ತು ವಿಭಾಗಕ್ಕೊಂದು, ವಾರ್ಡಿಗೊಂದು. ಎರಡೂ ಒಟ್ಟಿಗೆ ಓಡುತ್ತ ಒಂದೇ ಯಂತ್ರಕ್ಕೆ ಕೈಚಾಚುತ್ತಿದ್ದವು. ಅವನ್ನು ಯಾರೂ ಕೂತು ಬರೆದಿರಲಿಲ್ಲ. ಯಾವಾಗಲೂ ಏನಾಗಬಾರದು, ಎಂದಾದರೂ ಏನಾಗಲೇಬೇಕು ಎಂದು ಕಾಲದ ತರ್ಕವೆಂಬ ಗಣಿತದ ಭಾಷೆಯಲ್ಲಿ ನಿಯಮ ಕೊಟ್ಟರೆ ಸಾಕು, ಕಂಪ್ಯೂಟರೇ ಹೆಣೆದು, ತಪ್ಪಿಲ್ಲವೆಂದು ಸಾಬೀತು ಮಾಡಿಯೂ ಕೊಡುತ್ತದೆ. ಪುಟ್ಟಿ ಕೊಟ್ಟದ್ದು ಎರಡು ನಿಯಮ: ಯಂತ್ರ ಇಬ್ಬರಿಗೂ ಒಮ್ಮೆಗೇ ಸಿಗಬಾರದು, ಕೇಳಿದವರಿಗೆ ಎಂದಾದರೂ ಸಿಗಲೇಬೇಕು.

ಅವಳು ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ನೋಡಿದಳು. ಎರಡನೆಯದು ಇರಲೇ ಇಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಮ್ಯಾನೇಜರಿಗೆ ಫೋನ್ ಹಚ್ಚಿದಳು.

"ಸರ್, ಎರಡನೇ ನಿಯಮ ಯಾಕೆ ತೆಗೆದ್ರಿ?"

"ಅದಿದ್ರೆ ಕಂಪ್ಯೂಟರು ಎರಡು ದಿನ ತಿಣುಕ್ತಿತ್ತಮ್ಮ. ತೆಗೆದೆ, ಮೂರು ನಿಮಿಷಕ್ಕೆ ಮುಗೀತು. ತಪ್ಪಿಲ್ಲ ಅಂತ ಸಾಬೀತಾಗಿದೆಯಲ್ಲ?"

"ಆಗದೇ ಏನು! ಒಬ್ಬರಿಗೆ ಕೊಡದೇ ಇದ್ದರೆ ಇಬ್ಬರಿಗೂ ಒಟ್ಟಿಗೆ ಎಲ್ಲಿಂದ ಸಿಗತ್ತೆ? ಊಟಾನೇ ಬಡಿಸದೆ, ಯಾರೂ ಎಂಜಲು ಬಿಡಲಿಲ್ಲ ಅಂತ ಬೀಗೋ ಹಾಗಾಯ್ತು!"

"ಕೂಗಾಡಬೇಡಿ. ತಪ್ಪಿಲ್ಲ ಅನ್ನೋ ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದು ನೀವೇ ಅಲ್ವಾ?"

ಹೌದು, ಅವಳೇ. ಪರದೆಯ ಮೇಲೆ ಹಸಿರು ಗುರುತು ಬಂತೆಂದು, ನಿಯಮಗಳನ್ನು ಇನ್ನೊಮ್ಮೆ ಓದದೆ ಸಹಿ ಗೀಚಿದ್ದಳು. ಅವನ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೆಯೇ ತಿರುಗಿತು.

ಫೋನ್ ಇಟ್ಟವಳೇ ಸ್ಕ್ಯಾನ್ ಮಾಡುವ ಟೆಕ್ನಿಷಿಯನ್ ಬಳಿ ಹೋಗಿ, "ಈ ಪ್ರೋಗ್ರಾಂನ ಆಫ್ ಮಾಡಿ, ಕೈಯಲ್ಲೇ ನಡೆಸಿ" ಎಂದಳು.

"ಸಾಬೀತಾಗಿರೋದನ್ನ ಆಫ್ ಮಾಡಿದ್ರೆ ನನ್ನ ತಲೆಗೆ ಬರತ್ತೆ ಮೇಡಂ."

ಗೋಡೆಗೆ ಅಂಟಿಸಿದ್ದ ಪ್ರಮಾಣಪತ್ರದಲ್ಲಿ ಪುಟ್ಟಿ ತನ್ನ ಸಹಿಯನ್ನು ಹೊಡೆದುಹಾಕಿದಳು. ಕೆಳಗೆ, "ಇದು ತಪ್ಪು. ಸರಿಯಾಗಿ ನೋಡದೆ ಸಹಿ ಮಾಡಿದ್ದೆ" ಎಂದು ಬರೆದು ಹೊಸದಾಗಿ ಸಹಿ ಹಾಕಿದಳು. ಸಂಜೆಯೊಳಗೆ ಕೆಲಸ ಹೋಗುತ್ತದೆಂದು ಗೊತ್ತಿತ್ತು. ಹೋದರೆ ಹೋಗಲಿ.

ಅದನ್ನು ಓದಿ ಟೆಕ್ನಿಷಿಯನ್ ಪ್ರೋಗ್ರಾಂ ಆಫ್ ಮಾಡಿದ. ದೀಪ ಹಸಿರಾಯಿತು. ಅವಳು ಸ್ಟ್ರೆಚರಿಗೆ ಕೈ ಹಾಕುತ್ತಿದ್ದಂತೆ ಅಕ್ಕ ಮಣಿಕಟ್ಟು ಹಿಡಿದುಕೊಂಡಳು. "ಪುಟ್ಟೀ, ಆ ಅಜ್ಜಿ ನನಗಿಂತ ಮುಂಚೆ ಬಂದವರು ಕಣೆ."

ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದ ಅಜ್ಜಿಯನ್ನು ಪುಟ್ಟಿ ಈ ನಾಲ್ಕೂವರೆ ಗಂಟೆಯಲ್ಲಿ ಒಮ್ಮೆಯೂ ನೋಡಿರಲಿಲ್ಲ.

"ಅವರದಾದ ಮೇಲೆ ನನಗೂ ಸಿಗತ್ತೆ ತಾನೆ?"

"ಸಿಗಲೇಬೇಕಕ್ಕ," ಎನ್ನುತ್ತ ಪುಟ್ಟಿ ಅಜ್ಜಿಯ ಕುರ್ಚಿಯನ್ನು ಒಳಗೆ ತಳ್ಳಿದಳು.