ಕಂಪನಿ ಕೊಂಡ ಹಾಡು

ಬಳಚು ಹೆಕ್ಕುವವರ ಕಾಲು ನೋಡಿದ್ದೀರಾ? ಅಘನಾಶಿನಿಯ ನೀರು ಇಳಿದ ಹೊತ್ತಿಗೆ ಮಿರ್ಜಾನದ ಹೆಂಗಸರು ಸೊಂಟದವರೆಗೆ ಹೊಳೆಗಿಳಿದು, ಕೆಸರಲ್ಲಿ ಕಾಲಿನಿಂದಲೇ ತಡಕಿ ಬಳಚೆಂಬ ಚಿಪ್ಪುಮೀನು ಹುಡುಕುತ್ತಾರೆ. ಉಪ್ಪುನೀರಿಗೆ ಹಿಮ್ಮಡಿ ಒಡೆದು, ಚಿಪ್ಪಿನ ಅಂಚು ತಾಗಿ ಬೆರಳು ಸೀಳಿರುತ್ತದೆ. ನಮ್ಮ ಕೇರಿಯ ಬಂಗಾರಿಯ ಕಾಲೂ ಹಾಗೇ ಇದೆ. ಹೆಕ್ಕಿದ್ದನ್ನು ಬುಟ್ಟಿಗೆ ತುಂಬಿ ನನ್ನ ರಿಕ್ಷಾದಲ್ಲಿ ಕುಮಟೆಯ ಪೇಟೆಗೆ ತರುತ್ತಾಳೆ. ಅವಳ ಒಲೆ ಉರಿಯುವುದು ಅದರಿಂದಲೇ.

ಹೋದ ವರ್ಷ ಕಂಪನಿಯವರು ಬಂದು ಬಳಚು ಸಿಗುವ ಜಾಗಕ್ಕೇ ಗೂಟ ಹೊಡೆದರು. ಅಲ್ಲಿ ಹಡಗು ನಿಲ್ಲುವ ಜೆಟ್ಟಿ ಆಗುತ್ತದಂತೆ, ಇನ್ನು ಯಾರೂ ಇಳಿಯಬಾರದಂತೆ. ಹೆಂಗಸರು ಕುಮಟೆಯ ಕಚೇರಿ ಎದುರು ಧರಣಿ ಕೂತರು. ಆಗ ಬಂಗಾರಿಯ ಅಕ್ಕನ ಮಗ ಉದಯ ಒಂದು ಹಾಡು ಕಟ್ಟಿದ. ಧಾಟಿ ಬಂಗಾರಿ ಭತ್ತದ ನಟ್ಟಿಗದ್ದೆಯಲ್ಲಿ ಹಾಡುತ್ತಿದ್ದದ್ದು. ಮಾತು ಉದಯನದು.

"ನನ್ನ ಮಡಿಲಿಗೆ ಗೂಟ ಹೊಡೆದೋರ್ಯಾರು, ಹೊಳೆ ಕೇಳ್ತದೆ..."

ಹಾಡು ಹೊನ್ನಾವರ ದಾಟಿ ಭಟ್ಕಳಕ್ಕೂ ಹೋಯಿತು. ಬೆಳಕೆ ಊರಿನ ದೋಣಿಯವರ ಮೊಬೈಲಿನಲ್ಲೂ ಅದೇ. ಕಂಪನಿ ಕೆಲಸ ನಿಲ್ಲಿಸಿತು. ನಾನು ರಿಕ್ಷಾದ ಹಿಂದೆ ಉದಯನ ಫೋಟೋ ಅಂಟಿಸಿದೆ.

ಈ ವರ್ಷ ಅದೇ ಉದಯ ಅದೇ ಧಾಟಿಯಲ್ಲಿ, ಜೆಟ್ಟಿಗೆ ಮತ್ತೆ ಹೊರಟ ಕಂಪನಿಗೆ ಜಾಹೀರಾತಿನ ಹಾಡು ಬರೆದುಕೊಟ್ಟ. ಉಂಡ ಮನೆಯ ಗಳ ಹಿರಿಯುವುದೆಂದರೆ ಇದೇ. ಸುದ್ದಿ ಕೇಳಿದ ದಿನವೇ ಫೋಟೋ ಕಿತ್ತು ಚರಂಡಿಗೆ ಎಸೆದೆ.

ನಮ್ಮ ರಿಕ್ಷಾ ಸ್ಟ್ಯಾಂಡಿನ ಶುಕ್ರ ಒಪ್ಪಲಿಲ್ಲ. ಅವನಿಗೆ ಉದಯನೆಂದರೆ ಜೀವ.

"ಎಂತಕ್ಕೆ ಬೈತ್ಯಾ ಮಾರಾಯ? ನೀ ಚಪ್ಪಾಳೆ ಹೊಡ್ದೆ. ಚಪ್ಪಾಳೆ ಬೇಯ್ಸಿ ಉಣ್ಣೂಕೆ ಆಗ್ತದಾ?"

"ಹಂಗಂತ ಚಿಕ್ಕಿ ಒಲೆಗೆ ನೀರು ಹೊಯ್ಯೂದಾ?"

"ಅವ್ನ ಮನೆ ಒಲೆ ನೋಡಿದ್ಯಾ ನೀನು?"

ನಾನು ನೋಡಿರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಏರಿತು.

ಕಂಪನಿಯ ಅಧಿಕಾರಿ ನಾಗಭೂಷಣ ಕೇರಿಗೆ ಬಂದರು. ಹೊಳೆದಂಡೆಯಲ್ಲಿ ಉದಯನ ಹಾಡಿನ ಶೂಟಿಂಗ್ ಇದೆ, ಹೆಂಗಸರೆಲ್ಲ ಬುಟ್ಟಿ ಹಿಡಿದು ಬರಬೇಕು ಎಂದರು. ಹೋಗಬೇಡಿ ಎಂದೆ ನಾನು.

"ಹೋಪ," ಎಂದಳು ಬಂಗಾರಿ. "ಮುಖ ನೋಡಿ ಒಂದು ಮಾತು ಕೇಳೂದುಂಟು."

ದಂಡೆ ತುಂಬ ಜನ. ಕೆಲವರು ಉದಯನ ಜೊತೆ ಸೆಲ್ಫಿಗೆ ಬಂದವರು, ಕೆಲವರು ಬೈಯಲು ಬಂದವರು. ನಾನು ಮತ್ತು ಶುಕ್ರ ಮಾತು ಬಿಟ್ಟಿದ್ದರೂ ಒಟ್ಟಿಗೇ ನಿಂತಿದ್ದೆವು. ಉದಯ ಕಂಪನಿಯ ಹೆಸರಿದ್ದ ಅಂಗಿ ತೊಟ್ಟಿದ್ದ.

"ತಮಾ, ಇದು ಎಂತ?" ಬಂಗಾರಿ ಕೇಳಿದಳು.

"ಬರೇ ಹಾಡು ಚಿಕ್ಕಿ. ಹಾಡಿಂದ ಜೆಟ್ಟಿ ಆಗೂದಿಲ್ಲ."

"ಹಾಡಿಂದ ನಿಂತದ್ದು, ಹಾಡಿಂದ ಆಗೂದಿಲ್ವಾ?"

ನಾಗಭೂಷಣ ನಡುವೆ ಬಂದರು. "ಅಮ್ಮ, ಬೆಳಕು ಹೋಗ್ತಾ ಇದೆ. ಅವರು ಹಾಡಿದ್ದನ್ನೇ ನೀವು ತಿರುಗಿ ಹಾಡಿ, ಸಾಕು."

ನಟ್ಟಿಗದ್ದೆಯ ಹಾಡೇ ಹಾಗೆ. ಒಂದು ಕಡೆಯವರು ಸೊಲ್ಲು ಎತ್ತಿದರೆ ಎದುರಿನವರು ತಿರುಗಿ ಕೊಡಬೇಕು. ಕೊಡದಿದ್ದರೆ ಹಾಡು ಅಲ್ಲೇ ಸತ್ತಿತು. ಎದೆಹಾಲಿನ ಕಾಲದಿಂದ ಕೇಳಿದವರ ನಾಲಿಗೆ, ಬೇಡವೆಂದರೂ ಕೊಟ್ಟುಬಿಡುತ್ತದೆ.

ಉದಯ ಮೈಕಿನಲ್ಲಿ ಎತ್ತಿದ: "ನನ್ನ ದಂಡೆಗೆ ಬೆಳಕು ತಂತು ಕಂಪನಿ, ಹೊಳೆ ಹೇಳ್ತದೆ..."

ಹೆಂಗಸರು ತುಟಿ ಕಚ್ಚಿ ನಿಂತರು. ಉದಯ ಮತ್ತೆ ಹಾಡಿದ. ಮತ್ತೆ ಯಾರೂ ಕೊಡಲಿಲ್ಲ. "ಎಂತ ಮೂಕರಾ ಇವರು?" ನಾಗಭೂಷಣ ಕಿರುಚಿದರು.

ಆಗ ಬಂಗಾರಿ ಎತ್ತಿದಳು: "ನನ್ನ ಮಡಿಲಿಗೆ ಗೂಟ ಹೊಡೆದೋರ್ಯಾರು, ಹೊಳೆ ಕೇಳ್ತದೆ..."

ಉದಯನ ಬಾಯಿ ಅದನ್ನು ತಿರುಗಿ ಕೊಟ್ಟೇಬಿಟ್ಟಿತು! ಮೈಕಿನಲ್ಲಿ, ದಂಡೆಗೆಲ್ಲ ಕೇಳುವ ಹಾಗೆ. ಕೊಟ್ಟ ಮೇಲೆ ಎಚ್ಚೆತ್ತು ಬಾಯಿಗೆ ಕೈ ಒತ್ತಿಕೊಂಡ.

"ಮೈಕ್ ಬಂದ್ ಮಾಡ್ರೀ!" ನಾಗಭೂಷಣ ಓಡಿ ಬಂದರು. "ಈ ಧಾಟಿ ಈಗ ಕಂಪನಿದು. ಅಗ್ರಿಮೆಂಟ್ ಆಗಿದೆ. ಬೇರೆ ಯಾರೂ ಹಾಡುವ ಹಾಗಿಲ್ಲ."

"ಕೊಟ್ಟವ ಯಾರು?" ಬಂಗಾರಿ ಕೇಳಿದಳು.

"ಉದಯ ಅವರೇ."

"ಅವಂಗೆ ಕೊಟ್ಟದ್ದು ನಾನು," ಎಂದಳು ಬಂಗಾರಿ. "ಹಾಡೂಕೆ ಕೊಟ್ಟದ್ದು. ಮಾರೂಕಲ್ಲ."

ಉದಯನನ್ನೇ ನೋಡುತ್ತ ಎರಡನೇ ಸೊಲ್ಲು ಎತ್ತಿದಳು: "ಗೂಟ ಹೊಡೆದೋರ ಕಾಲಿಗೆ ಕೆಸರಿಲ್ಲ, ಹೊಳೆ ನೋಡ್ತದೆ..."

ಉದಯ ನಾಗಭೂಷಣರ ಮುಖ ನೋಡಿದ. ತಲೆ ತಗ್ಗಿಸಿದ. ನನಗೆ ಅವನ ಮೇಲೆ ಆಗ ಸಿಟ್ಟಿರಲಿಲ್ಲ, ಅಳು ಬಂತು.

ಪಕ್ಕದಿಂದ ಒಂದು ಒಡಕು ದನಿ ಎದ್ದಿತು. ಶುಕ್ರ! ಕಣ್ಣು ಒರೆಸಿಕೊಳ್ಳುತ್ತ ಸೊಲ್ಲು ತಿರುಗಿ ಕೊಟ್ಟ. ನಾನೂ ಕೊಟ್ಟೆ. ಸೆಲ್ಫಿಗೆ ಬಂದವರು, ಬೈಯಲು ಬಂದವರು, ಎಲ್ಲರೂ ಕೊಟ್ಟರು. ನಾಗಭೂಷಣ ಯಾರ ಬಾಯಿ ಮುಚ್ಚಿಸುವುದೆಂದು ತಿಳಿಯದೆ ಅತ್ತಿತ್ತ ನೋಡಿದರು.

ಬಂಗಾರಿ ಉದಯನಿಗೆ ಬೆನ್ನು ಹಾಕಿ ನಮ್ಮ ಕಡೆ ತಿರುಗಿದಳು. ಮೂರನೇ ಸೊಲ್ಲು ಎತ್ತಿದಳು.